ಕನ್ನಡದ ರೆಕಾರ್ಡಿನ ಮೇಲೂ ಮುಳ್ಳು ಇಳಿಯಲಿ!

ಕನ್ನಡದ ತರುಣ ತರುಣಿಯರೇ,

ಮೊಬೈಲ್ ಹಾಡು ಸಾಕಾಗಿ ಮತ್ತೆ ರೆಕಾರ್ಡುಗಳಿಗೆ ಮರಳಿದ್ದೀರಿ. ಸಂತೋಷ! ಅಮೆರಿಕದಲ್ಲಿ 2022ರಲ್ಲಿ ಇವು ಸಿಡಿಗಳಿಗಿಂತ ಹೆಚ್ಚು ಮಾರಾಟವಾದವು. ಆದರೆ ನಿಮ್ಮ ದುಬಾರಿ ಟರ್ನ್‌ಟೇಬಲ್ ಮೇಲೆ ತಿರುಗುತ್ತಿರುವುದೇನು? ಬರೀ ಇಂಗ್ಲಿಷ್, ಹಿಂದಿ!

ಕಾಳಿಂಗರಾಯರ ಭಾವಗೀತೆ ಮನೆಮನೆ ಮುಟ್ಟಿದ್ದು ರೆಕಾರ್ಡುಗಳಿಂದ. ಗಂಗೂಬಾಯಿ ಹಾನಗಲ್ ಮೊದಮೊದಲು 'ಗಾಂಧಾರಿ' ಎಂಬ ಹೆಸರಲ್ಲಿ ಹಾಡಿದ್ದೂ ರೆಕಾರ್ಡಿಗೇ. ಆ ಕಾಲದ 78 ವೇಗದ ಅರಗಿನ ಪ್ಲೇಟು ಕೈಜಾರಿದರೆ ಚೂರುಚೂರು. ಅಜ್ಜ ಜೋಪಾನ ಮಾಡಿದ್ದನ್ನು ಗುಜರಿಗೆ ಹಾಕುತ್ತಿರುವವರು ನಾವೇ. ಪರಭಾಷಿಕರನ್ನು ಬೈದು ಏನು ಫಲ?

ಈ ಭಾನುವಾರ ಅಟ್ಟ ಹತ್ತಿ. ಪ್ಲೇಟುಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್ ತಾಗಿದರೆ ಅರಗು ಕೆಡುತ್ತದೆ. ಎಲ್‌ಪಿಯ ಮುಳ್ಳು ಬೇಡ, 78ರದ್ದೇ ಹಾಕಿ. ಅಂಗಡಿಯಲ್ಲಿ ಕನ್ನಡದ ರೆಕಾರ್ಡು ಕೇಳಿ. ಇಲ್ಲವೆಂದರೆ ನಾಳೆಯೂ ಕೇಳಿ. ಬಾಯಿಬಿಟ್ಟು ಕೇಳದವರಿಗೆ ಯಾರೂ ಕನ್ನಡ ಕೇಳಿಸುವುದಿಲ್ಲ!