ಕಟ್ಟಿದ ಬಗೆ, ಕಾಣುವ ಕಣ್ಣು

ಹೊರನಾಡ ಸಂಘಗಳಲ್ಲಿ ಕನ್ನಡ ಚಿತ್ರವೊಂದು ಪ್ರದರ್ಶನಗೊಂಡರೆ, ತಾಯ್ನುಡಿ ಕಿವಿಗೆ ಬಿದ್ದ ಸಂತೋಷದಲ್ಲೇ ನಾವು ಚಪ್ಪಾಳೆ ತಟ್ಟುತ್ತೇವೆ. ಇದು ಅಭಿಮಾನವೇ ಹೊರತು ವಿಮರ್ಶೆಯಲ್ಲ.

ಈ ವಿಷಯದಲ್ಲಿ ನಾಸಿಕ ನಮಗೆ ಪಾಠ ಹೇಳಬಲ್ಲದು. ಸಮೀಪದ ತ್ರ್ಯಂಬಕೇಶ್ವರದಲ್ಲಿ 1870ರಲ್ಲಿ ಜನಿಸಿದ ದಾದಾಸಾಹೇಬ ಫಾಲ್ಕೆಯವರು, 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ಬಳಿಕ ನಾಸಿಕದಲ್ಲಿ ಚಿತ್ರನಿರ್ಮಾಣ ಮುಂದುವರಿಸಿದರು. ಚಿತ್ರಗಳು ತಯಾರಾಗುವ ಬಗೆಯನ್ನೇ ತೋರಿಸುವ ಕಿರುಚಿತ್ರವೊಂದನ್ನೂ 1917ರಲ್ಲಿ ತೆಗೆದರು. ಗುಟ್ಟು ತಿಳಿದರೆ ಬೆರಗು ಅಳಿಯುವುದೇ? ಛತ್ರಪತಿ ಸಂಭಾಜಿನಗರದ ಬಳಿಯ ಎಲ್ಲೋರಾಕ್ಕೆ ಹೋದವರು ಹಾಗೆನ್ನಲಾರರು. ರಾಷ್ಟ್ರಕೂಟರ ಕೈಲಾಸ ದೇವಾಲಯವನ್ನು ಬಂಡೆಯ ನೆತ್ತಿಯಿಂದ ಕೆಳಮುಖವಾಗಿ ಕಡೆದರೆಂದು ತಿಳಿದವನ ವಿಸ್ಮಯ ಇಮ್ಮಡಿಯಾಗುತ್ತದೆ.

ಚಲನಚಿತ್ರದ ಮಾತೂ ಅದೇ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಕಪ್ಪುಬಿಳುಪಿನ ಚಿತ್ರ. ಛಾಯಾಗ್ರಹಣ, ಸಂಕಲನಗಳ ಪರಿಚಯವುಳ್ಳವನು ಎಸ್. ರಾಮಚಂದ್ರರ ನೆರಳುಬೆಳಕಿನಲ್ಲಿ ಕಾಣುವುದು ಸಾಧನಗಳ ಬಡತನವನ್ನಲ್ಲ, ಬಾಲಕನ ಕಣ್ಣಿಗೆ ಬಿದ್ದ ವಿಧವೆಯೊಬ್ಬಳ ದುರಂತವನ್ನು. ಆದರೆ ಕೌಶಲವನ್ನಷ್ಟೇ ಎಣಿಸುತ್ತ ಆ ಯಮುನೆಯ ಗೋಳನ್ನೇ ಮರೆತರೆ ಅಂಥ ತಿಳಿವು ವ್ಯರ್ಥ. ತಿಳಿವು ತೀರ್ಪನ್ನು ಹದಗೊಳಿಸಬೇಕು, ಹೃದಯವನ್ನು ಒಣಗಿಸಬಾರದು.

ನಮ್ಮ ಸಂಘಗಳು ಪ್ರತಿ ಪ್ರದರ್ಶನದ ನಂತರ ಅರ್ಧ ಗಂಟೆಯನ್ನು ಚಿತ್ರ ಕಟ್ಟಿದ ಬಗೆಯ ಚರ್ಚೆಗೆ ಮೀಸಲಿಡಲಿ. ಮರಾಠಿ, ಹಿಂದಿಗಳ ನಡುವೆ ಬೆಳೆಯುತ್ತಿರುವ ಮಕ್ಕಳಿಗೆ ನಮ್ಮ ತವರಿನ ಹಂಬಲವನ್ನು ದಾಟಿಸಲಾಗದು. ಕನ್ನಡ ಚಿತ್ರವನ್ನು ಏಕೆ ಮೆಚ್ಚಬೇಕೆಂಬ ಕಾರಣವನ್ನಾದರೂ ಕೊಡೋಣ.