ಯಾತ್ರಿಕರ ಎಲೆಯಲ್ಲಿ ಮಲೆನಾಡಿನ ಊಟ

ಶೃಂಗೇರಿಗೆ ಬರುವ ಯಾತ್ರಿಕರಿಗೆ ಅನ್ನದ ಚಿಂತೆಯಿಲ್ಲ. ಶ್ರೀಮಠದ ಭೋಜನಶಾಲೆಯಲ್ಲಿ ಪ್ರಸಾದವು ದೊರೆಯುತ್ತಲಿದೆ. ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿಯೂ ಹಾಗೆಯೇ. ಅದು ದೇವರ ಅನ್ನ. ಅದರ ವಿಷಯದಲ್ಲಿ ನಾವು ಹೇಳತಕ್ಕುದೇನೂ ಇಲ್ಲ. ನಮ್ಮ ಮಾತು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ಹಣ ಕೊಟ್ಟು ಉಣ್ಣುವ ಊಟದ ಸಂಬಂಧವಾದುದು.

ಈ ಮೂರು ತಾಲ್ಲೂಕುಗಳೂ ಮಲೆನಾಡಿನ ಪಾಕಕ್ಕೆ ತವರು. ಮಳೆಗಾಲದಲ್ಲಿ ಕೆಸುವಿನೆಲೆಯ ಪತ್ರೊಡೆ, ಕಳಲೆಯ ಪಲ್ಯ, ಹಲಸಿನ ಹಣ್ಣಿನ ಕಡುಬು. ವರುಷವೆಲ್ಲ ಅಕ್ಕಿರೊಟ್ಟಿ, ಒಂದೆಲಗದ ತಂಬುಳಿ. ಎಡೇಹಳ್ಳಿಯು 1915ರಲ್ಲಿ ಯುವರಾಜರ ಹೆಸರನ್ನು ಪಡೆದು ನರಸಿಂಹರಾಜಪುರವಾಯಿತು. ಊರಿನ ಹೆಸರು ಬದಲಾದರೂ ಅಡಿಗೆಮನೆ ಬದಲಾಗಲಿಲ್ಲ. ಬದಲಾದುದು ಪೇಟೆಯ ಹೋಟೆಲು. ಅಲ್ಲಿ ಬಹುಮಟ್ಟಿಗೆ ದೊರೆಯುವುದು ಬೆಂಗಳೂರಿನಲ್ಲಿಯೂ ದೊರೆಯುವ ಪೂರಿ, ನೂಡಲ್ಸ್, ಗೋಬಿ ಮಂಚೂರಿಗಳೇ. ಅಪ್ಪೆಮಿಡಿಯ ನಾಡಿನಲ್ಲಿ ಯಾತ್ರಿಕನ ಎಲೆಗೆ ಕಾರ್ಖಾನೆಯ ಉಪ್ಪಿನಕಾಯಿ ಬೀಳುವುದು ಶೋಚನೀಯವಲ್ಲವೆ?

ಹೋಟೆಲಿನವರನ್ನು ಮಾತ್ರ ದೂರಿ ಫಲವಿಲ್ಲ. ಕಳಲೆಯನ್ನು ಹೆಚ್ಚಿ, ದಿನದಿನವೂ ನೀರನ್ನು ಬದಲಿಸುತ್ತ ಮೂರು ದಿನ ನೆನೆಹಾಕದಿದ್ದರೆ ಅದರ ಕಹಿಯೂ ನಂಜೂ ಹೋಗವು. ತಂಬುಳಿಯನ್ನು ಕುದಿಸುವಂತಿಲ್ಲ, ಬೆಳಿಗ್ಗೆ ಅರೆದು ಮಜ್ಜಿಗೆ ಬೆರಸಿದುದು ಸಂಜೆಗೆ ಹುಳಿಯುತ್ತದೆ. ಎಷ್ಟು ಜನ ಬರುವರೆಂದು ತಿಳಿಯದವನು ಇಂಥ ಅಡಿಗೆಗೆ ಕೈಹಾಕಲಾರನು. ಗೃಹಿಣಿಗಾದರೋ ಇದು ನಿತ್ಯದ ಕೆಲಸ. ಆದುದರಿಂದಲೇ ತೋಟದ ಮನೆಗಳು ಹೋಂಸ್ಟೇಗಳಾಗಿ ಈ ಊಟವನ್ನು ಬಡಿಸುತ್ತಿವೆ. ಸಂತೋಷವೇ, ಆದರೆ ಆ ಎಲೆ ರಾತ್ರಿ ತಂಗಿ ಸಾವಿರಾರು ರೂಪಾಯಿ ತೆರಬಲ್ಲವರಿಗೆ. ಬಸ್ಸಿನಲ್ಲಿ ಬಂದು, ನರಸಿಂಹರಾಜಪುರದ ಜ್ವಾಲಾಮಾಲಿನಿಯ ಬಸದಿಯನ್ನು ನೋಡಿ, ಸಂಜೆಗೆ ಹಿಂದಿರುಗುವ ಉಪಾಧ್ಯಾಯನಿಗೆ, ಗುಮಾಸ್ತನಿಗೆ ಏನು ಗತಿ?

ಉಪಾಯ ದೂರವಿಲ್ಲ. 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳಲ್ಲಿ ಈ ಪಾಕವನ್ನು ಬಲ್ಲ ಸ್ತ್ರೀಯರಿದ್ದಾರೆ. ಮೂರು ಪಟ್ಟಣ ಪಂಚಾಯತಿಗಳವರೂ ಬಸ್ ನಿಲ್ದಾಣದ ಬಳಿ ಒಂದೊಂದು ಮಳಿಗೆಯನ್ನು ಹರಾಜಿಗಿಡದೆ ಅಲ್ಪ ಬಾಡಿಗೆಗೆ ಇವರಿಗೆ ಕೊಡತಕ್ಕುದು. ಹರಾಜಿನಲ್ಲಿ ಹೆಚ್ಚು ಕೂಗಿದವನು ಆ ಹಣವನ್ನು ಉಣ್ಣುವವನಿಂದಲೇ ತೆಗೆಯುತ್ತಾನೆ. ಪೇಟೆಯ ಊಟ ಕೆಡಲು ಇದೂ ಒಂದು ಕಾರಣ. ಹಿಂದಿನ ದಿನವೇ ದೂರವಾಣಿಯಲ್ಲಿ ತಿಳಿಸಿದವರಿಗೆ ಎಲೆ ಖಂಡಿತ ಎಂಬ ನಿಯಮವಿದ್ದರೆ ಪದಾರ್ಥ ಹಾಳಾಗದು. ಸೊಪ್ಪು, ಹಣ್ಣು, ಮಿಡಿಗಳಿಗೆ ಕೊಟ್ಟ ಹಣವೂ ತಾಲ್ಲೂಕಿನಲ್ಲಿಯೇ ಉಳಿಯುವುದು. ಸ್ವದೇಶಿ ಎಂದರೆ ಖಾದಿಯೊಂದೇ ಎಂದು ತಿಳಿದಿರುವವರು ಇದನ್ನೂ ಆಲೋಚಿಸಲಿ.

ನವರಾತ್ರಿಯ ಜನಸಂದಣಿ ಕೂಡುವುದಕ್ಕೆ ಮೊದಲು ಶೃಂಗೇರಿಯಲ್ಲಿ ಇಂಥ ಮಳಿಗೆ ಒಂದನ್ನಾದರೂ ತೆರೆಯಿಸಬೇಕೆಂದು ಪಂಚಾಯತಿಯವರನ್ನು ಕೇಳಿಕೊಳ್ಳುತ್ತೇವೆ.