ಕಂಪನಿ ಪಂಚಾಂಗದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು

ನಮ್ಮ ಪಂಚಾಂಗದಲ್ಲಿ ಅಧಿಕ ಮಾಸ ಬರುವುದು ಎರಡೂವರೆ–ಮೂರು ವರ್ಷಕ್ಕೊಮ್ಮೆ. ಮೊಬೈಲ್ ಕಂಪನಿಗಳ ಪಂಚಾಂಗದಲ್ಲಿ ಅದು ಪ್ರತಿ ವರ್ಷವೂ ಬರುತ್ತದೆ. ತಿಂಗಳಿಗೆ 28 ದಿನ ಅಂತ ಹಿಡಿದರೆ ವರ್ಷಕ್ಕೆ 12 ಸಲ ಕರೆನ್ಸಿ ಹಾಕಿಸಿದರೆ ಸಾಲುವುದಿಲ್ಲ, 13 ಸಲ ಹಾಕಿಸಬೇಕು. ಆ ಹದಿಮೂರನೇ ಸಲದ ದುಡ್ಡು ಯಾವ ತಿಂಗಳ ಬಾಬ್ತು? ಯಾವ ತಿಂಗಳದ್ದೂ ಅಲ್ಲ. ಅದು ನಮ್ಮ ಲೆಕ್ಕಕ್ಕೆ ಸಿಗದೆ ಜೇಬಿನಿಂದ ಜಾರಿಹೋಗುವ ದುಡ್ಡು.

ಹಳ್ಳಿಯ ಮನೆಯಲ್ಲಿ ಬಹುಪಾಲು ವ್ಯವಹಾರ ನಡೆಯುವುದು ಕ್ಯಾಲೆಂಡರ್ ನೋಡಿಕೊಂಡು. ಕರೆಂಟ್ ಬಿಲ್ಲು ತಿಂಗಳಿಗೊಂದು. ರೇಷನ್ ತಿಂಗಳಿಗೊಂದು ಸಲ. ವೃದ್ಧಾಪ್ಯ ವೇತನ, ಅಂಗನವಾಡಿ ಕಾರ್ಯಕರ್ತೆಯ ಗೌರವಧನ, ಗೃಹಲಕ್ಷ್ಮಿ ಹಣ ಎಲ್ಲಕ್ಕೂ ತಿಂಗಳ ಲೆಕ್ಕ. ಬರುವ ದುಡ್ಡಿಗೆ 30–31 ದಿನ ಕಾಯಬೇಕು, ಫೋನಿಗೆ ಕೊಡುವ ದುಡ್ಡು ಮಾತ್ರ 28ಕ್ಕೇ ಮುಗಿಯಬೇಕು. ಈ ತಿಂಗಳು 5ನೇ ತಾರೀಕು ಹಾಕಿಸಿದವರಿಗೆ ಮುಂದಿನ ತಿಂಗಳು 3ಕ್ಕೋ 2ಕ್ಕೋ ಬರುತ್ತದೆ. ಹೀಗೆ ಹಿಂದೆ ಹಿಂದೆ ಸರಿಯುತ್ತ ಒಂದು ದಿನ ಕೈ ಖಾಲಿ ಇರುವ ತಿಂಗಳ ಕೊನೆಗೆ ಬಂದು ನಿಲ್ಲುತ್ತದೆ.

'28 ದಿನ ಅಂತ ಬರೆದೇ ಇದೆಯಲ್ಲ, ಓದಿಕೊಂಡು ಹಾಕಿಸಿ' ಅನ್ನುವವರಿದ್ದಾರೆ. ಬರೆದಿರುವುದು ನಿಜ. ಆದರೆ ಅಂಗಡಿಯಲ್ಲಿ ಕೇಳುವ ಮಾತು ಯಾವುದು? 'ತಿಂಗಳದ್ದು ಹಾಕಲಾ, ಮೂರು ತಿಂಗಳದ್ದು ಹಾಕಲಾ?' ತಿಂಗಳದ್ದು ಅಂದರೆ 28 ದಿನ. ಮೂರು ತಿಂಗಳದ್ದು ಅಂದರೆ 84 ದಿನ. ಅಂಗಡಿಯವರು ಮೋಸ ಮಾಡುತ್ತಿಲ್ಲ. ಮಾತಿನಲ್ಲಿ ತಿಂಗಳು ಅಂತಲೇ ಉಳಿದು ಲೆಕ್ಕದಲ್ಲಿ ನಾಲ್ಕು ವಾರ ಆಗುವ ಹಾಗೆ ಪ್ಯಾಕ್ ಮಾಡಿದ್ದಾರೆ. ಲೀಟರ್ ಅಂತ ಹೇಳಿ 920 ಮಿಲಿ ಹಾಲು ಅಳೆದುಕೊಟ್ಟರೆ ನಾವು ಡೈರಿಯವರನ್ನು ಸುಮ್ಮನೆ ಬಿಡುತ್ತೇವಾ?

ಈ ದೂರು ನಮ್ಮೊಬ್ಬರದೇ ಅಲ್ಲ. ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನದ ಪ್ಯಾಕ್ ಇಡಬೇಕು, ಪ್ರತಿ ತಿಂಗಳು ಅದೇ ತಾರೀಕಿಗೆ ಹಾಕಿಸಬಹುದಾದ ಪ್ಯಾಕನ್ನೂ ಇಡಬೇಕು ಎಂದು ಅದರಲ್ಲಿತ್ತು. ಆದರೆ ಇಂಥ ಪ್ಯಾಕ್ ಒಂದಾದರೂ ಇದ್ದರೆ ಸಾಕು ಎಂಬಂತೆ ಆ ಆದೇಶ ಇತ್ತು. ಕಂಪನಿಗಳು ಅಷ್ಟನ್ನೇ ಹಿಡಿದುಕೊಂಡವು. ನೂರಾರು ಪ್ಯಾಕುಗಳ ನಡುವೆ ಒಂದೆರಡನ್ನು ಸೇರಿಸಿ ಕೈತೊಳೆದುಕೊಂಡವು. ಆ ಪ್ಯಾಕುಗಳಿಗೆ ಜಾಹೀರಾತಿಲ್ಲ, ಗೋಡೆಬರಹವಿಲ್ಲ. ಕಾನೂನು ಪಾಲನೆ ಆಯಿತು, ಜನರಿಗೆ ಮಾತ್ರ ಗೊತ್ತಾಗಲಿಲ್ಲ.

ಒಂದು ಲೆಕ್ಕ ನೋಡಿ. 2024ರ ಜುಲೈನಲ್ಲಿ ದರ ಏರಿದ ಮೇಲೆ ಜಿಯೋದಲ್ಲಿ ದಿನಕ್ಕೆ ಒಂದೂವರೆ ಜಿಬಿಯ 28 ದಿನದ ಪ್ಯಾಕ್ 299 ರೂಪಾಯಿ ಆಯಿತು. ಅಷ್ಟೇ ನೆಟ್ಟಿನ, ಪೂರ್ತಿ ತಿಂಗಳು ನಡೆಯುವ ಪ್ಯಾಕ್ 319 ರೂಪಾಯಿ. ನೋಡಿದ ತಕ್ಷಣ 299 ಅಗ್ಗ ಅನಿಸುತ್ತದೆ. ವರ್ಷಕ್ಕೆ ಗುಣಿಸಿ: 299ನ್ನು 13 ಸಲ ಕೊಟ್ಟರೆ 3887, 319ನ್ನು 12 ಸಲ ಕೊಟ್ಟರೆ 3828. ಅಗ್ಗ ಅನಿಸಿದ್ದೇ ದುಬಾರಿ. ಮೊದಲನೆಯದರಲ್ಲಿ ವರ್ಷಕ್ಕೆ ಒಂದು ದಿನ ಬೇರೆ ಕಡಿಮೆ. ವ್ಯತ್ಯಾಸ 59 ರೂಪಾಯಿ ಅಷ್ಟೇ ಅನ್ನಬಹುದು. ಹನಿ ಹನಿ ಗೂಡಿದರೆ ಹಳ್ಳ ಎಂಬುದು ನಮಗಿಂತ ಚೆನ್ನಾಗಿ ಕಂಪನಿಗಳಿಗೆ ಗೊತ್ತು.

ಆದರೆ 28 ದಿನಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿದೆ. ಸ್ವಲ್ಪ ಸ್ವಲ್ಪವೇ ಕೊಡುವವರು ಎಲ್ಲರಿಗಿಂತ ಹೆಚ್ಚು ಕೊಡುತ್ತಿದ್ದಾರೆ.

ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಜ್ಜಿಗೆ ನೆಟ್ ಬೇಡ. ಮಗ ಬೆಂಗಳೂರಿನಿಂದ ಫೋನ್ ಮಾಡಿದರೆ ಎತ್ತಬೇಕು, ಅಷ್ಟೇ. ನಮ್ಮ ದೇಶದಲ್ಲಿ 2003ರಲ್ಲಿ ಒಳಬರುವ ಕರೆಗೆ ದುಡ್ಡಿಲ್ಲ ಅಂತಾಯಿತು. ಆಮೇಲೆ ಲೈಫ್‌ಟೈಮ್ ಸಿಮ್ ಅಂತ ಮಾರಿದ ಕಾಲವೂ ಬಂತು. 2018ರ ಕೊನೆಗೆ ಏರ್‌ಟೆಲ್, ವೊಡಾಫೋನ್ ಐಡಿಯಾ ಕಂಪನಿಗಳು ಸಿಮ್ ಜೀವಂತ ಇರಬೇಕಾದರೆ 28 ದಿನಕ್ಕೊಮ್ಮೆ ಕನಿಷ್ಠ 35 ರೂಪಾಯಿ ಹಾಕಿಸಿ ಅಂದವು. 2024ರ ಜುಲೈ ಹೊತ್ತಿಗೆ ಏರ್‌ಟೆಲ್‌ನಲ್ಲಿ ಕರೆಗಳ ಮಿತಿಯಿಲ್ಲದ 28 ದಿನದ ಅತಿ ಕಡಿಮೆ ಪ್ಯಾಕ್ 199 ರೂಪಾಯಿ, ಜಿಯೋದಲ್ಲಿ 189. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200. ಅದರಲ್ಲಿ ಆರನೇ ಒಂದು ಪಾಲು, ಮಗನ ಧ್ವನಿ ಕೇಳುವುದಕ್ಕೆ.

ಇದಕ್ಕೂ ದೂರು ಹೋಯಿತು. ನೆಟ್ ಬೇಡದವರಿಗೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಿ ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಂದಿತು. 2025ರ ಜನವರಿಯಲ್ಲಿ ಪ್ಯಾಕುಗಳು ಬಂದವು. ಏರ್‌ಟೆಲ್‌ನಲ್ಲಿ 84 ದಿನಕ್ಕೆ 469, 365 ದಿನಕ್ಕೆ 1849. ನೋಡಿದಿರಾ, ತಿಂಗಳದ್ದು ಇಲ್ಲ! ಬರೀ ಮಾತಾಡುವವರು ಯಾರು? ಕೂಲಿಯವರು, ವಯಸ್ಸಾದವರು, ಒಂದೇ ಸಲಕ್ಕೆ ದೊಡ್ಡ ಮೊತ್ತ ಕೊಡಲಾಗದವರು. ಅವರಿಗಾಗಿ ತಂದ ಪ್ಯಾಕನ್ನು ಅವರ ಕೈಗೆ ಎಟುಕದ ಅಟ್ಟದ ಮೇಲೆ ಇಟ್ಟರು.

ದಿನದ ಲೆಕ್ಕಕ್ಕೆ ಇಳಿಸಿ. 199ರ ಪ್ಯಾಕಿನಲ್ಲಿ ದಿನಕ್ಕೆ 7 ರೂಪಾಯಿ 10 ಪೈಸೆ. 1849ರ ಪ್ಯಾಕಿನಲ್ಲಿ 5 ರೂಪಾಯಿ 6 ಪೈಸೆ. 199ನ್ನು ವರ್ಷಕ್ಕೆ 13 ಸಲ ಹಾಕಿಸಿದ ಅಜ್ಜಿ 2587 ಕೊಟ್ಟಳು. ಒಂದೇ ಸಲ 1849 ಕೊಡಬಲ್ಲ ಸಾಹುಕಾರರಿಗೆ 738 ರೂಪಾಯಿ ಉಳಿಯಿತು. 2025–26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370. ಅಂದರೆ ದುಡ್ಡು ಒಟ್ಟಿಗೆ ಇಲ್ಲ ಎಂಬ ಒಂದೇ ತಪ್ಪಿಗೆ ಎರಡು ದಿನ ಮಣ್ಣು ಹೊತ್ತ ಕೂಲಿ ದಂಡ. 199ರಲ್ಲಿ ಒಂದಿಷ್ಟು ನೆಟ್ಟೂ ಇದೆಯಲ್ಲ ಅನ್ನುತ್ತಾರೆ. ಕೀಪ್ಯಾಡ್ ಫೋನಿಗೆ ಆ ನೆಟ್ ಏನು ಉಪ್ಪಿನಕಾಯಿಗಾ?

'ಬೇಡವಾದರೆ ಹಾಕಿಸಬೇಡಿ' ಅನ್ನುವ ಕಾಲ ಮುಗಿದಿದೆ. ಇವತ್ತು ಫೋನ್ ನಂಬರ್ ಅಂದರೆ ನಮ್ಮ ಗುರುತಿನ ಚೀಟಿ. ಆಧಾರ್‌ಗೆ, ಬ್ಯಾಂಕ್ ಖಾತೆಗೆ, ಗ್ಯಾಸ್ ಬುಕಿಂಗಿಗೆ ಅದೇ ನಂಬರ್. ಓಟಿಪಿ ಬರುವುದು ಅಲ್ಲಿಗೇ. ಪ್ಯಾಕ್ ಮುಗಿದರೆ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವು ದಿನಕ್ಕೆ ಒಳಬರುವುದೂ ನಿಲ್ಲುತ್ತದೆ, ಇನ್ನೂ ಬಿಟ್ಟರೆ ನಂಬರೇ ರದ್ದಾಗುತ್ತದೆ. ರದ್ದಾದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಖಾತೆಯ ಓಟಿಪಿ ಯಾರದೋ ಮನೆಯ ಫೋನಿಗೆ ಹೋಗುತ್ತದೆ. ಸರ್ಕಾರದ ಯೋಜನೆಗಳು ಫೋನ್ ನಂಬರ್ ಕೇಳುತ್ತವೆ, ಆ ನಂಬರ್ ಉಳಿಸಿಕೊಳ್ಳುವ ಖರ್ಚು ಮಾತ್ರ ಬಡವರ ತಲೆಗೆ.

ಇನ್ನೊಂದು ವಾದ: ಭಾರತದಲ್ಲಿ ನೆಟ್ ಜಗತ್ತಿನಲ್ಲೇ ಅಗ್ಗ, ಟವರ್ ಹಾಕಲು ದುಡ್ಡು ಬೇಕಲ್ಲ. ಜಿಬಿ ಲೆಕ್ಕದಲ್ಲಿ ಅಗ್ಗ ಇರಬಹುದು. ಜಿಬಿಯನ್ನೇ ಮುಟ್ಟದವರಿಗೆ ಆ ಅಗ್ಗದಿಂದ ಏನು ಬಂತು? 'ಬೇರೆ ಕಂಪನಿಗೆ ಹೋಗಿ' ಅಂತಲೂ ಹೇಳುತ್ತಾರೆ. ಊರಿನಲ್ಲಿ ಒಂದೇ ಕಂಪನಿಯ ಸಿಗ್ನಲ್ ಸಿಗುವಾಗ ಹೋಗುವುದೆಲ್ಲಿಗೆ, ಮರ ಹತ್ತಿ ಮಾತಾಡುವುದಕ್ಕಾ?

ದುಡ್ಡು ಕಟ್ಟುವ ದಾರಿಯಲ್ಲೂ ಸೋರಿಕೆ ಇದೆ. ಯುಪಿಐ ಆ್ಯಪ್‌ಗಳಲ್ಲಿ ರೀಚಾರ್ಜ್ ಮಾಡಿದರೆ 'ಪ್ಲಾಟ್‌ಫಾರ್ಮ್ ಫೀ' ಅಂತ ಒಂದೆರಡು ಮೂರು ರೂಪಾಯಿ ಸೇರಿಸುವುದುಂಟು. ಬಟನ್ ಒತ್ತುವ ಮೊದಲು ಒಟ್ಟು ಮೊತ್ತ ಓದಿ. ಕಂಪನಿಯದೇ ಆ್ಯಪ್ ತೆರೆದು, ಅಲ್ಲಿಂದ ಯುಪಿಐ ಮೂಲಕ ಕೊಟ್ಟರೆ ಸಾಮಾನ್ಯವಾಗಿ ಈ ಫೀ ಬೀಳುವುದಿಲ್ಲ. ಆಟೋಪೇ ಒಪ್ಪಿಕೊಂಡಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲೇ ಅದನ್ನು ರದ್ದು ಮಾಡಬಹುದು. ಆ್ಯಪ್ ಬಾರದವರಿಗೆ ಇವತ್ತಿಗೂ ಊರಿನ ಅಂಗಡಿಯೇ ಗತಿ. ಅಂಗಡಿಯವರಿಗೆ ಸಿಗುವುದು ನೂರಕ್ಕೆ ಕೆಲವೇ ರೂಪಾಯಿ ಕಮಿಷನ್. ಕಂಪನಿಗಳು ಎಲ್ಲರನ್ನೂ ಆ್ಯಪ್‌ಗೆ ದೂಡುತ್ತ ಹೋದರೆ ಆ ಅಂಗಡಿ ಮುಚ್ಚುತ್ತದೆ. ಆಮೇಲೆ ನಮ್ಮ ಅಜ್ಜಿಗೆ ಕರೆನ್ಸಿ ಹಾಕಿಕೊಡುವವರು ಯಾರು?

ನಾವು ಕೇಳುತ್ತಿರುವುದು ಬಿಟ್ಟಿ ಫೋನ್ ಅಲ್ಲ. ಮೂರೇ ಮಾತು. ತಿಂಗಳು ಅಂದರೆ ತಿಂಗಳೇ ಆಗಲಿ, ಒಂದೆರಡು ಪ್ಯಾಕಿನಲ್ಲಿ ಅಲ್ಲ, ಎಲ್ಲದರಲ್ಲೂ. ಬರೀ ಕರೆಯ ಪ್ಯಾಕ್ 30 ದಿನದ್ದೂ ಇರಲಿ, ಅದರ ದರ ವರ್ಷದ ಪ್ಯಾಕಿನ ದಿನದ ಲೆಕ್ಕದಲ್ಲೇ ಇರಲಿ. ಪ್ರತಿ ಪ್ಯಾಕಿನ ಪಕ್ಕ ದಿನಕ್ಕೆ ಎಷ್ಟು ಬೀಳುತ್ತದೆ ಎಂದು ಕನ್ನಡದಲ್ಲಿ ಬರೆದು ಅಂಗಡಿಯಲ್ಲಿ ತೂಗುಹಾಕಲಿ. ಟ್ರಾಯ್ ಮನಸ್ಸು ಮಾಡಿದರೆ ಇದು ಒಂದು ಆದೇಶದ ಕೆಲಸ.

ಅಲ್ಲಿಯವರೆಗೆ ನಾವೂ ಸುಮ್ಮನಿರಬೇಕಿಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ 'ತಿಂಗಳದ್ದು ಹಾಕಿ' ಅನ್ನಬೇಡಿ. 'ಎಷ್ಟು ದಿನದ್ದು? ಬರೀ ಕರೆದು ಇದೆಯಾ? ಅದೇ ತಾರೀಕಿಗೆ ಬರುವುದು ಇದೆಯಾ?' ಎಂದು ಕೇಳಿ. ಪ್ಯಾಕಿನ ಬೆಲೆಯನ್ನು ದಿನದಿಂದ ಭಾಗಿಸಿ. ದರ ಬದಲಾಗುತ್ತಿರುತ್ತದೆ, ಈ ಭಾಗಾಕಾರ ಬದಲಾಗುವುದಿಲ್ಲ. ಸ್ವಸಹಾಯ ಸಂಘದಲ್ಲಿ ಇರುವವರು ಇದನ್ನೂ ಯೋಚಿಸಿ: ವರ್ಷದ ಪ್ಯಾಕಿಗೆ ಸಂಘದಿಂದ ಕೈಸಾಲ ತೆಗೆದು ತಿಂಗಳು ತಿಂಗಳು ತೀರಿಸಿದರೆ, ಬಡ್ಡಿ ಕೊಟ್ಟ ಮೇಲೂ ಒಂದಷ್ಟು ಉಳಿಯಬಹುದು. ಕೇಳದ ಪ್ಯಾಕ್ ಹಾಕಿದ್ದರೆ, ದುಡ್ಡು ಕಡಿತವಾಗಿದ್ದರೆ 198ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಅಲ್ಲಿ ನ್ಯಾಯ ಸಿಗದಿದ್ದರೆ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು, ಟೆಲಿಕಾಂ ದೂರುಗಳನ್ನು ಅಲ್ಲಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ.

ಒಬ್ಬರು ಕೇಳಿದರೆ ಅಂಗಡಿಯವರು ನಕ್ಕು ಸುಮ್ಮನಾಗುತ್ತಾರೆ. ಊರಿಗೂರೇ ಕೇಳಿದರೆ ಅವರು ಕಂಪನಿಯ ಡಿಸ್ಟ್ರಿಬ್ಯೂಟರನ್ನು ಕೇಳುತ್ತಾರೆ. ಕೇಳುವುದಕ್ಕೆ ಕರೆನ್ಸಿ ಬೇಕಾಗಿಲ್ಲ.